ತಮ್ಮನ ಹೆಸರಿನಲ್ಲಿ ಬರೆದದ್ದು

ನನ್ನ ತಮ್ಮ ಎಮಿಲ್‌ಗೆ ಬರುತ್ತಿದ್ದ ಕಾಗದಗಳನ್ನು ಅಮ್ಮ ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ತುಂಬಿಡುತ್ತಿದ್ದಳು. ಕ್ರಿಸ್‌ಮಸ್ ಹೊತ್ತಿಗೆ ಎರಡು ಬುಟ್ಟಿಗಳು ತುಂಬಿ, ಒಗೆಯುವ ಬಟ್ಟೆಗಳು ನೆಲದ ಮೇಲೆ ಬಿದ್ದಿರುತ್ತಿದ್ದವು. ಅವುಗಳನ್ನು ಎತ್ತಿ ಒಗೆಯುವವಳು ನಾನು. ನನಗೂ ಒಂದು ಕಾಲದಲ್ಲಿ ಕಾಗದ ಬಂದಿತ್ತು, ಒಂದೇ ಒಂದು ಹಾಳೆ. ಅದು ಎರಡು ವರ್ಷದಿಂದ ಅಜ್ಜಿಯ ಬೈಬಲ್ಲಿನೊಳಗೆ ಮಡಚಿಕೊಂಡು ಮಲಗಿತ್ತು.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಮುದ್ದು ಮಾಡುವವಳು ನಾನಲ್ಲ.

ಎಮಿಲ್ ಆಗ ಹದಿನೇಳರ ಹುಡುಗ. ಆರೂವರೆ ಅಡಿ ಎತ್ತರ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ಅಡ್ಡ ತಿರುಗಿ ನುಸುಳಬೇಕಾದಷ್ಟು ಅಗಲ. ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಅವನು ಚೆಂಡು ಹಿಡಿದು ಓಡುವವನಲ್ಲ. ಚೆಂಡು ಹಿಡಿದವನ ಮೇಲೆ ಎಗರಿ ಬೀಳಲು ಬರುವವರನ್ನು ಎದೆಕೊಟ್ಟು ತಡೆಯುವವನು. ಆ ಕೆಲಸಕ್ಕೆ ಅವನಂಥ ಹುಡುಗ ಇಡೀ ಲೂಯಿಸಿಯಾನಾದಲ್ಲಿ ಇಲ್ಲವೆಂದು ಹನ್ನೆರಡು ಯೂನಿವರ್ಸಿಟಿಗಳ ಕೋಚ್‌ಗಳು ಬೆನ್ನು ಹತ್ತಿದ್ದರು. ಹೊಸ ವರ್ಷಕ್ಕೆ ಮೂರು ಉಳಿದವು. ಅಜ್ಜಿಗೆ ಯೂನಿವರ್ಸಿಟಿಗಳ ಹೆಸರು ನೆನಪಿರುತ್ತಿರಲಿಲ್ಲ. ಸಹಿಯ ದಿನ ಮೇಜಿನ ಮೇಲೆ ಒಂದೊಂದು ಯೂನಿವರ್ಸಿಟಿಯ ಟೋಪಿ ಇಟ್ಟಿರುತ್ತಾರೆ, ತಾನು ಆರಿಸಿದ್ದನ್ನು ಹುಡುಗ ತಲೆಗೆ ಹಾಕಿಕೊಳ್ಳುತ್ತಾನೆ; ಆ ಟೋಪಿಯ ಬಣ್ಣ ಹಿಡಿದೇ ಅವಳು ಕರೆಯುತ್ತಿದ್ದಳು. ನೋಡುತ್ತಿದ್ದ ಹಾಗೆ ಮನೆಯವರೆಲ್ಲರೂ ನೀಲಿಯವರು, ಕೆಂಪಿನವರು, ಹಸಿರಿನವರು ಎನ್ನತೊಡಗಿದೆವು. ಹಸಿರಿನವರು ಪಕ್ಕದೂರಿನ ಸಣ್ಣ ಕಾಲೇಜಿನವರು, ಲೆಕ್ಕಕ್ಕುಂಟು ಆಟಕ್ಕಿಲ್ಲ. ಕೆಂಪಿನವರು ಅಲಬಾಮಾದ ಆಚೆ ತುದಿಯವರು, ಕಾರಿನಲ್ಲಿ ಆರು ಗಂಟೆಯ ದಾರಿ. ನೀಲಿಯವರು ನಮ್ಮ ರಾಜ್ಯದವರೇ.

ನನ್ನ ಆ ಒಂದು ಹಾಳೆ ಬಂದಿದ್ದು ನೀಲಿಯವರಿಂದ.

ನರ್ಸಿಂಗ್ ಓದಲು ನನಗೆ ಅಲ್ಲಿ ಸೀಟು ಸಿಕ್ಕಿತ್ತು. ಹೊರಡಲು ಮೂರು ವಾರ ಇರುವಾಗ ಅಜ್ಜಿ ಚರ್ಚಿನ ಮೆಟ್ಟಿಲ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಮ್ಮ ಬೆಳಗ್ಗೆ ಐದಕ್ಕೇ ಸ್ಕೂಲಿನ ಅಡುಗೆಮನೆಗೆ ಹೋಗುವವಳು. ಅಪ್ಪ ಸಮುದ್ರದಲ್ಲಿ ಎಣ್ಣೆ ತೆಗೆಯುವ ಕಟ್ಟೆಯ ಮೇಲೆ ಹದಿನಾಲ್ಕು ದಿನ, ಮನೆಯಲ್ಲಿ ಹದಿನಾಲ್ಕು ದಿನ. "ಒಂದು ವರ್ಷ ತಡ್ಕೋ ಡೆಲ್, ಯೂನಿವರ್ಸಿಟಿ ಎಲ್ಲಿಗೂ ಓಡಿ ಹೋಗಲ್ಲ" ಎಂದಳು ಅಮ್ಮ. ಯೂನಿವರ್ಸಿಟಿ ಓಡಿಹೋಗಲಿಲ್ಲ, ನಾನೂ ಹೋಗಲಿಲ್ಲ. ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂತೆ.

ಈಗ ಅದೇ ಯೂನಿವರ್ಸಿಟಿ ನನ್ನ ತಮ್ಮನಿಗೆ ಕೈಮುಗಿದು ಬಾ ಎನ್ನುತ್ತಿತ್ತು.

ಎಮಿಲ್‌ಗೆ ಮಾತು ಕಡಿಮೆ, ಬರವಣಿಗೆಯಂತೂ ಇಲ್ಲವೇ ಇಲ್ಲ. ಹಿಂದಿನ ಆಗಸ್ಟ್‌ನ ಒಂದು ಭಾನುವಾರ ಸೋಫಾದಲ್ಲಿ ಬಿದ್ದುಕೊಂಡು ಫೋನನ್ನು ನನ್ನ ಮಡಿಲಿಗೆ ಎಸೆದ.

"ಅಕ್ಕ, ಈ ಕೋಚ್‌ಗಳು ಬಿಡ್ತಾನೇ ಇಲ್ಲ. ನೀನೇ ಏನಾದ್ರೂ ಮೆಸೇಜ್ ಹಾಕು."

"ಏನಂತ ಹಾಕ್ಲಿ?"

"ನಿಂಗೆ ತೋಚಿದ್ದು. ನಾನೇ ಬರೆದ ಹಾಗೆ ಇರ್ಲಿ."

ಅಂದು ಹಾಕಿದೆ, ಮರುದಿನವೂ ಹಾಕಿದೆ. ಸೆಪ್ಟೆಂಬರ್ ಹೊತ್ತಿಗೆ ಆ ಫೋನು ನನ್ನ ಏಪ್ರನ್ನಿನ ಜೇಬಿನಲ್ಲೇ ಇರುತ್ತಿತ್ತು. ಹುಡುಗಿಯರಿಗೆ ಕಳಿಸುವುದಿದ್ದರೆ ಮಾತ್ರ ಎಮಿಲ್ ಕೇಳಿ ತೆಗೆದುಕೊಳ್ಳುತ್ತಿದ್ದ. ಕೋಚ್‌ಗಳಲ್ಲಿ ಹೆಚ್ಚಿನವರು ಬರೆಯುತ್ತಿದ್ದುದು ಒಂದೇ ರಾಗ: ನೀನು ಸಿಂಹ, ನೀನು ಬೆಟ್ಟ. ನೀಲಿಯವರ ಕೋಚ್ ವಿಟೇಕರ್ ಹಾಗಲ್ಲ. ಇವತ್ತು ಕ್ಲಾಸಿನಲ್ಲಿ ಏನು ಓದಿದೆ, ನಿನಗೆ ಯಾವುದಕ್ಕೆ ಭಯ, ಅಜ್ಜಿ ಹೇಗಿದ್ದಾರೆ ಎಂದು ಕೇಳುತ್ತಿದ್ದರು. ನಾನು ಗಲ್ಲಾದಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಉತ್ತರ ಬರೆಯುತ್ತಿದ್ದೆ. ಅಜ್ಜಿಗೆ ಕೋಲೂರಿ ನಾಲ್ಕು ಹೆಜ್ಜೆ ಇಡುವುದನ್ನು ಹೊಸದಾಗಿ ಕಲಿಸಿದ್ದು ಹೇಗೆ, ಅವಳ ಕಾಲು ನಡುಗಿದಾಗ ನನ್ನ ಎದೆ ನಡುಗಿದ್ದು ಹೇಗೆ, ಎಲ್ಲವನ್ನೂ ಬರೆದೆ. ಸಹಿ ಮಾತ್ರ ಎಮಿಲ್‌ನದು.

"ನೀನು ಸಾಮಾನ್ಯ ಹುಡುಗನಲ್ಲ" ಎಂದು ವಿಟೇಕರ್ ಉತ್ತರಿಸಿದರು. ಆ ಸಾಲನ್ನು ಮೂರು ದಿನ ಮನಸ್ಸಿನಲ್ಲಿ ಮೆಲ್ಲುತ್ತಾ ಓಡಾಡಿದೆ.

ಇದರ ಮೇಲೆ ಅಮ್ಮ ಒಂದು ಮಾತು ಹೇಳಿಬಿಟ್ಟಳು. ಅಪ್ಪ ಮನೆಯಲ್ಲಿದ್ದ ದಿನ, ಊಟದ ಹೊತ್ತಿನಲ್ಲಿ, ಅನ್ನಕ್ಕೆ ಬೆಂಡೆಕಾಯಿ ಹುಳಿ ಬಡಿಸುತ್ತಾ ಹೇಳಿದಳು.

"ಇವನೇನಾದ್ರೂ ನೀಲಿಗೆ ಹೋದ್ರೆ ಡೆಲ್‌ನೂ ಜೊತೇಲಿ ಕಳ್ಸೋಣ. ಇವನ ಊಟ ಬಟ್ಟೆ ನೋಡ್ಕೊಳ್ಳೋಕೆ ಒಬ್ರು ಬೇಕಲ್ಲ? ಅಲ್ಲೇ ಅವಳ ಓದೂ ಆಗತ್ತೆ."

"ಆಗ್ಲಿ" ಎಂದ ಅಪ್ಪ. ಅವನು ಹುಟ್ಟಿನಿಂದ ನೀಲಿಯವರ ಅಭಿಮಾನಿ. ನೀಲಿಯವರು ಸೋತ ಶನಿವಾರ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡುತ್ತಿರಲಿಲ್ಲ.

"ಕೆಂಪಿಗೆ ಹೋದ್ರೆ?" ಎಂದು ಕೇಳಿದೆ.

"ಅಷ್ಟು ದೂರಕ್ಕೆ ನಿನ್ನ ಯಾಕೆ ಕಳ್ಸೋದು? ಅತ್ತೆಯನ್ನ ಯಾರು ನೋಡ್ಕೋತಾರೆ?"

ನೀಲಿಯೂರು ದೂರವಲ್ಲ, ಅಲ್ಲಿದ್ದರೆ ಅಜ್ಜಿಗೆ ಯಾರೂ ಬೇಡ; ಕೆಂಪಿನೂರು ದೂರ, ಆಗ ಅಜ್ಜಿಗೆ ನಾನು ಬೇಕು. ಅಮ್ಮನ ಲೆಕ್ಕ ನನಗೆ ಅರ್ಥವಾಗಲಿಲ್ಲ, ಆದರೆ ಒಂದು ಅರ್ಥವಾಯಿತು. ನನ್ನ ಬಾಗಿಲ ಕೀಲಿ ತಮ್ಮನ ಕೈಯಲ್ಲಿತ್ತು. ಎರಡು ವರ್ಷ ಕಾದದ್ದು ನಾನು, ಬಾಗಿಲು ತೆರೆಯಬೇಕಾದವನು ಅವನು.

ಜನವರಿ ಎರಡನೆಯ ವಾರ ನೀಲಿಯವರು ಮನೆಗೆ ಬರುವುದಾಗಿ ತಿಳಿಸಿದರು. ಸೋಮವಾರ. ನಮ್ಮ ಕಡೆ ಸೋಮವಾರವೆಂದರೆ ಕೆಂಪು ರಾಜ್ಮಾ ಕಾಳು, ಅನ್ನ, ಸಾಸೇಜು. ಹಿಂದೆ ಬಟ್ಟೆ ಒಗೆಯುವ ದಿನ ಒಲೆಯ ಮೇಲೆ ಇಟ್ಟು ಮರೆತುಬಿಡಬಹುದಾದ ಅಡುಗೆ.

"ಅಷ್ಟು ದೊಡ್ಡ ಮನುಷ್ಯರಿಗೆ ಕಾಳು ಹಾಕ್ತೀರಾ ಅತ್ತೆ? ನಾನು ಸೀಗಡಿ ಗಂಬೋ ಮಾಡ್ತೀನಿ" ಎಂದಳು ಅಮ್ಮ. ಗಂಬೋ ಎಂದರೆ ಹಿಟ್ಟನ್ನು ಕಪ್ಪಗೆ ಹುರಿದು ಕುದಿಸುವ ನಮ್ಮ ಕಡೆಯ ಗಟ್ಟಿ ಸಾರು.

"ಸೋಮವಾರ ಗಂಬೋ ಮಾಡಿದ್ರೆ ಆ ದೊಡ್ಡ ಮನುಷ್ಯರು ನಮ್ಮನ್ನ ಹುಚ್ಚರು ಅಂದ್ಕೋತಾರೆ."

"ನಿಮ್ಮ ಕಾಳಿನ ಮುಂದೆ ನನ್ನ ಗಂಬೋ ಯಾವಾಗ್ಲೂ ಸಣ್ಣದು, ಅಲ್ವಾ?"

"ನಾನೆಲ್ಲಿ ಹಾಗಂದೆ ಜೋಸೆಟ್? ನಿನ್ನ ಗಂಬೋದಲ್ಲಿ ಹಿಟ್ಟು ಸ್ವಲ್ಪ ಕಡಿಮೆ ಹುರಿದಿರತ್ತೆ, ಅಷ್ಟೇ."

ಅಮ್ಮ ಎರಡು ದಿನ ಅತ್ತೆಯ ಜೊತೆ ಮಾತು ಬಿಟ್ಟಳು. ಕೊನೆಗೆ ಒಲೆಯ ಮೇಲೆ ಎರಡು ಪಾತ್ರೆಗಳು ಏರಿದವು. ವಿಟೇಕರ್ ಎರಡನ್ನೂ ಚಪ್ಪರಿಸಿ ತಿಂದು, ಅಮ್ಮನ ಕಡೆ ತಿರುಗಿ "ಇಂಥ ಗಂಬೋ ಜನ್ಮದಲ್ಲಿ ತಿಂದಿರಲಿಲ್ಲಮ್ಮ" ಎಂದರು. ಅಜ್ಜಿಯ ಕಡೆ ತಿರುಗಿ "ಈ ಕಾಳು ನಮ್ಮಜ್ಜಿಯ ಕೈರುಚಿ ನೆನಪಿಸ್ತು" ಎಂದರು. ಇಬ್ಬರಿಗೂ ಸಿಕ್ಕಿದ ಹೊಗಳಿಕೆಯಲ್ಲಿ ಯಾರದು ದೊಡ್ಡದು ಎಂದು ಇಬ್ಬರೂ ಆಮೇಲೆ ಒಂದು ವಾರ ಅಳೆದರು. ಅಪ್ಪನಿಗೆ ಸಮುದ್ರಕ್ಕೆ ಫೋನು ಮಾಡಿ ಅಮ್ಮ ತನ್ನದನ್ನು ಮಾತ್ರ ಹೇಳಿದಳು.

ಊಟದ ಕೊನೆಗೆ ರಾಜನ ಕೇಕು ಕತ್ತರಿಸಿದೆವು. ಜನವರಿ ಬಂತೆಂದರೆ ಎಲ್ಲರ ಮನೆಯಲ್ಲೂ ಅದು ಇರುತ್ತದೆ. ಒಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಮಗು. ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಮುಂದಿನ ಕೇಕು ತರಬೇಕು. ಅಂದು ಯಾರ ತುಂಡಿನಲ್ಲೂ ಸಿಗಲಿಲ್ಲ.

"ಅಂಗಡಿಯವನು ಹಾಕೋದೇ ಮರೆತಿದಾನೆ. ಡೆಲ್, ನಿಮ್ಮಂಗಡಿ ಕೇಕು ತಾನೆ ಇದು?" ಎಂದಳು ಅಜ್ಜಿ.

ತಟ್ಟೆಗಳನ್ನು ಎತ್ತುವಾಗ ವಿಟೇಕರ್ ಅವರ ತಟ್ಟೆಯ ಕೆಳಗೆ, ಮಡಚಿದ ಕಾಗದದ ಕರವಸ್ತ್ರದಲ್ಲಿ ಮಗು ಸಿಕ್ಕಿತು. ಸಕ್ಕರೆ ಒರೆಸಿ ನೀಟಾಗಿ ಸುತ್ತಿಟ್ಟಿದ್ದರು. ಕೋಚ್‌ಗಳು ಹುಡುಗರ ಮನೆಗೆ ಒಂದು ಬಿಸ್ಕತ್ತನ್ನೂ ಉಡುಗೊರೆ ಕೊಡಬಾರದೆಂದು ಕಾನೂನಿದೆ. ಅದಕ್ಕೇ ಮುಚ್ಚಿಟ್ಟಿದ್ದಾರೆ, ಪಾಪ, ಎಂದು ನಾನೇ ಅವರ ಪರವಾಗಿ ವಾದಿಸಿ, ನಾನೇ ಒಪ್ಪಿಕೊಂಡು, ಮಗುವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಮುಂದಿನ ಕೇಕನ್ನು ನಾನೇ ತಂದೆ.

ಅದೇ ಶನಿವಾರ ಮನೆಯವರನ್ನೆಲ್ಲ ನೀಲಿಯವರು ತಮ್ಮೂರಿಗೆ ಕರೆಸಿಕೊಂಡರು; ಹಾಗೆ ಕರೆಸಿ ಉಪಚರಿಸಲು ಕಾನೂನಿನ ಅಡ್ಡಿಯಿಲ್ಲ. ಹೋಟೆಲು, ಮಾಂಸದೂಟ, ಮೈದಾನದಲ್ಲಿ ಎಮಿಲ್‌ನ ಹೆಸರು ಬರೆದ ಅಂಗಿ.

"ಎಲ್ರೂ ಅಂದ್ರೆ ಎಲ್ರೂ. ಡೆಲ್‌ಗೂ ಒಂದು ಕೋಣೆ ಇದೆಯಂತೆ" ಎಂದ ಅಪ್ಪ.

"ಅತ್ತೆ?" ಎಂದಳು ಅಮ್ಮ.

ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. "ನೀನು ಹೋಗ್ತೀಯಾ ಇಲ್ವಾ" ಎಂದು ಯಾರೂ ಕೇಳಲಿಲ್ಲ. ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ ಪೆಟ್ಟಿಗೆ ತರಲು ಎದ್ದಿದ್ದಳು.

ಭಾನುವಾರ ಸಂಜೆ ಬಂದವರೇ ಫೋಟೋ ತೋರಿಸಿದರು. ಕಂಬದಂತೆ ನಿಂತ ಎಮಿಲ್, ನೀಲಿ ಅಂಗಿ. ನೀಲಿ ಶಾಲು ಹೊದ್ದ ಅಪ್ಪ, ಸಣ್ಣ ಹುಡುಗನ ಹಾಗೆ ಹಲ್ಲು ಬಿಟ್ಟುಕೊಂಡು. ಆಮೇಲೆ ಅಮ್ಮ. ಒಂದು ಇಟ್ಟಿಗೆಯ ಕಟ್ಟಡದ ಮುಂದೆ, ಹೊಸ ಪರ್ಸು ಹಿಡಿದು.

"ಯಾವ ಕಟ್ಟಡ ಅದು?"

"ಯಾವುದೋ. ಬಿಸಿಲು ಚೆನ್ನಾಗಿತ್ತು, ನಿಂತ್ಕೊಂಡೆ."

ಅದು ನರ್ಸಿಂಗ್ ಕಾಲೇಜು. ನನ್ನ ಆ ಒಂದು ಹಾಳೆಯ ತಲೆಯ ಮೇಲೆ ಅದರದೇ ಚಿತ್ರವಿತ್ತು. ನಾನು ಅವರ ಪ್ರಯಾಣದ ಬಟ್ಟೆಗಳನ್ನು ಒಗೆಯಲು ಹಾಕಿದೆ. ಎಮಿಲ್ ಪ್ರಯಾಣಕ್ಕೆ ಹಾಕಿದ್ದ ನೀಲಿ ಅಂಗಿಯನ್ನು ಬಿಸಿನೀರಿಗೆ ಹಾಕಿ ಕುಗ್ಗಿಸಬೇಕೆಂದು ಆಸೆಯಾಯಿತು. ಹಾಕಲಿಲ್ಲ. ಆದರೆ ಆಸೆಯಾದದ್ದು ನಿಜ.

ಮರುದಿನ ಸೋಮವಾರ ಕೆಂಪಿನವರ ಕೋಚ್ ಪ್ರೂಯಿಟ್ ಬಂದರು. ದಪ್ಪ ಮನುಷ್ಯ, ಜನವರಿಯಲ್ಲೂ ಬೆವರುತ್ತಿದ್ದರು. ಅಮ್ಮ ಈ ಸಲ ಗಂಬೋದ ಸುದ್ದಿಗೇ ಹೋಗಲಿಲ್ಲ. ಅಜ್ಜಿಯ ಕಾಳು ಮಾತ್ರ ಇತ್ತು. ಪ್ರೂಯಿಟ್ ಎರಡು ಸಲ ಹಾಕಿಸಿಕೊಂಡು ತಿಂದರು, ಹೊಗಳಲಿಲ್ಲ. ಅಜ್ಜಿಗೆ ಅದೇ ಇಷ್ಟವಾಯಿತು.

ಆ ಮನುಷ್ಯನ ರೀತಿಯೇ ಬೇರೆ. ಎಮಿಲ್‌ನನ್ನು ಏನಾದರೂ ಕೇಳಿ ಸುಮ್ಮನೆ ಕೂತುಬಿಡುವರು. ಎಮಿಲ್ ಕಾಳಿನ ತಟ್ಟೆಯನ್ನೇ ನೋಡುವನು. ಅಮ್ಮ ಅವನ ಪರವಾಗಿ ಉತ್ತರ ಕೊಡಲು ಹೊರಟರೆ ಪ್ರೂಯಿಟ್ ಕೈ ಎತ್ತಿ, "ಅವನು ಹೇಳ್ಲಿ ಬಿಡಿಯಮ್ಮ, ನನಗೇನೂ ಅವಸರ ಇಲ್ಲ" ಎನ್ನುವರು. ಗಡಿಯಾರ ಟಿಕ್ ಟಿಕ್ ಎನ್ನುವುದು. ಎಷ್ಟೋ ಹೊತ್ತಿನ ಮೇಲೆ ಎಮಿಲ್ "ಹೌದು ಸಾರ್" ಅಥವಾ "ಗೊತ್ತಿಲ್ಲ ಸಾರ್" ಎನ್ನುವನು.

ಹೊರಡುವಾಗ ನನ್ನ ಕಡೆ ತಿರುಗಿದರು. "ನೀನೇನು ಮಾಡ್ತೀಯಮ್ಮ?"

"ಅಂಗಡಿ ಗಲ್ಲಾ" ಎಂದೆ, ಬಾಗಿಲು ಹಾಕಿದ ಹಾಗೆ.

ಅಷ್ಟರಲ್ಲಿ ನನ್ನ ಏಪ್ರನ್ನಿನ ಜೇಬಿನಲ್ಲಿ ಎಮಿಲ್‌ನ ಫೋನು ಗುಂಯ್ ಎಂದಿತು. ಅಭ್ಯಾಸಬಲದಿಂದ ತೆಗೆದು ನೋಡಿದೆ. ಪ್ರೂಯಿಟ್ ಫೋನನ್ನೂ ನೋಡಿದರು, ನನ್ನನ್ನೂ ನೋಡಿದರು. "ಊಟ ಚೆನ್ನಾಗಿತ್ತು" ಎಂದು ಹೇಳಿ ಹೋದರು.

ಅವರ ಕಾರು ತಿರುವು ದಾಟುವ ಮುಂಚೆಯೇ ಜಗಳ ಶುರುವಾಯಿತು.

"ಮುಖ ನೋಡಿದ್ರೆ ಹಂದಿ ಸಾಕೋರ ಹಾಗಿದಾರೆ" ಎಂದಳು ಅಮ್ಮ.

"ನಿಮ್ಮಪ್ಪನೂ ಹಂದಿ ಸಾಕ್ತಿದ್ದ ಜೋಸೆಟ್. ಕೆಂಪೇ ಸರಿ. ಆ ನೀಲಿಯವನ ಬಾಯಲ್ಲಿ ಬೆಣ್ಣೆ ಜಾಸ್ತಿ" ಎಂದಳು ಅಜ್ಜಿ.

"ನಿಮ್ಮ ಕಾಳು ಹೊಗಳಿದಾಗ ಆ ಬೆಣ್ಣೆ ಸಿಹಿಯಾಗಿತ್ತು!"

"ಅಮ್ಮ, ನೀನು ಸುಮ್ನಿರು. ಜೋಸೆಟ್, ನೀನೂ ಸುಮ್ನಿರು" ಎಂದ ಅಪ್ಪ. "ನಲವತ್ತು ವರ್ಷದಿಂದ ನೀಲಿ ನೀಲಿ ಅಂತ ಕೂಗಿದೀನಿ. ನನ್ನ ಮಗ ಅಲಬಾಮಾದ ಕೆಂಪು ಟೋಪಿ ಹಾಕ್ಕೊಂಡ್ರೆ ಕಟ್ಟೆ ಮೇಲೆ ನನ್ನ ಜೊತೆಗಾರರು ನನ್ನ ಸಮುದ್ರಕ್ಕೆ ದೂಡ್ತಾರೆ. ಏನಂತೀಯ ಮಗಾ?"

ಎಮಿಲ್ ಎದ್ದು ಪಾತ್ರೆಯ ತಳದ ಕಾಳನ್ನು ಬಳಿದು ಹಾಕಿಕೊಂಡ. "ಪ್ರೂಯಿಟ್ ಪರವಾಗಿಲ್ಲ" ಎಂದ.

ಎರಡೇ ಪದ. ಎಮಿಲ್‌ನ ಬಾಯಿಂದ ಯಾವ ಕೋಚ್‌ಗೂ ಅಷ್ಟು ದೊಡ್ಡ ಹೊಗಳಿಕೆ ಬಂದಿರಲಿಲ್ಲ. ಅವನ ಫೋನು ಇನ್ನೂ ನನ್ನ ಜೇಬಿನಲ್ಲಿತ್ತು.

ಮರುದಿನ ಮಧ್ಯಾಹ್ನ, ಗಲ್ಲಾದಲ್ಲಿ ಗಿರಾಕಿ ಇಲ್ಲದಾಗ, ಪ್ರೂಯಿಟ್‌ಗೆ ಎಮಿಲ್‌ನ ಫೋನಿನಿಂದ ಬರೆದೆ: "ಕೋಚ್, ನನ್ನ ಮೇಲೆ ನೀವು ಇಟ್ಟ ವಿಶ್ವಾಸಕ್ಕೆ ಕೃತಜ್ಞನಾಗಿದ್ದೇನೆ. ಮನೆಯವರೆಲ್ಲ ಕೂತು ಯೋಚಿಸಿದ್ದೇವೆ. ನಾನು ಬೇರೆ ಕಡೆ ಹೋಗುವುದೆಂದು ತೀರ್ಮಾನವಾಗಿದೆ. ದಯವಿಟ್ಟು ಇನ್ನು ನನಗಾಗಿ ಶ್ರಮ ತೆಗೆದುಕೊಳ್ಳಬೇಡಿ."

ಕಳಿಸಿದೆ. ಸ್ವಲ್ಪ ಹೊತ್ತಿಗೆ "ಸರಿ ಮಗಾ" ಎಂದು ಉತ್ತರ ಬಂತು. ಎರಡನ್ನೂ ಅಳಿಸಿದೆ. ಮುಂದಿನ ಗಿರಾಕಿಯ ಮೊಟ್ಟೆಯ ಡಬ್ಬಿಯನ್ನು ಬೀಳಿಸಿ ಆರು ಮೊಟ್ಟೆ ಒಡೆದೆ.

ಆಮೇಲೆ ಕೆಂಪಿನವರಿಂದ ಒಂದು ಅಕ್ಷರವೂ ಬರಲಿಲ್ಲ. ಮೊದಲ ಎರಡು ದಿನ ಭಯಪಟ್ಟೆ. ಮೂರನೆಯ ದಿನ ಗೆದ್ದೆನೆಂದುಕೊಂಡೆ. ನಾಲ್ಕನೆಯ ದಿನ ನಮ್ಮಂಗಡಿಯ ಕೇಕಿನ ಹುಡುಗಿಗೆ ಹೇಳಿ ಸಹಿ ಹಾಕುವ ಬುಧವಾರಕ್ಕೆ ದೊಡ್ಡ ಕೇಕೊಂದನ್ನು ಮಾಡಿಸಲು ಕೊಟ್ಟೆ. ಮೇಲೆಲ್ಲ ನೀಲಿ ಕ್ರೀಮು.

"ಗ್ಯಾರಂಟಿನಾ?" ಎಂದು ಕೇಳಿದಳು ಅವಳು.

"ಗ್ಯಾರಂಟಿ" ಎಂದೆ.

ಫೆಬ್ರವರಿಯ ಮೊದಲ ಬುಧವಾರ ನಮ್ಮ ಕಡೆಯ ಹುಡುಗರು ಯೂನಿವರ್ಸಿಟಿ ಆರಿಸಿ ಸಹಿ ಹಾಕುವ ದಿನ. ಸ್ಕೂಲಿನ ಆಟದ ಹಾಲಿನಲ್ಲಿ ಉದ್ದ ಮೇಜು, ಮೇಲೆ ಮೂರು ಟೋಪಿಗಳು, ಎದುರಿಗೆ ಟಿವಿಯ ಒಬ್ಬ ಕ್ಯಾಮೆರಾದವನು. ಅಮ್ಮ ನೀಲಿ ಕುಪ್ಪಸ ತೊಟ್ಟಿದ್ದಳು. ಅಪ್ಪ ಬೇರೊಬ್ಬನ ಜೊತೆ ಪಾಳಿ ಬದಲಿಸಿಕೊಂಡು ಬಂದಿದ್ದ. ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದೆ. ಕೇಕು ಕಾರಿನಲ್ಲಿತ್ತು.

ಎಮಿಲ್ ಎದ್ದು ನಿಂತ. "ಅಮ್ಮನಿಗೆ, ಅಪ್ಪನಿಗೆ, ಅಜ್ಜಿಗೆ, ಅಕ್ಕನಿಗೆ ಥ್ಯಾಂಕ್ಸ್" ಎಂದ. ಕೈ ಚಾಚಿದ. ಅವನ ದೊಡ್ಡ ಕೈ ನೀಲಿ ಟೋಪಿಯ ಮೇಲಿಂದ ಹಾದು ಹೋಗಿ ಕೆಂಪು ಟೋಪಿಯನ್ನು ಎತ್ತಿ ತಲೆಗೆ ಇಟ್ಟುಕೊಂಡಿತು. ಅದು ಅವನ ತಲೆಗೆ ಸಣ್ಣದಾಗಿತ್ತು.

ಹಾಲಿನಲ್ಲಿ ಚಪ್ಪಾಳೆ. ಅಪ್ಪ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಮ್ಮ ಕ್ಯಾಮೆರಾ ಇದೆಯೆಂದು ನಗುತ್ತಲೇ ಕುಪ್ಪಸದ ಮೇಲೆ ಕೋಟು ಎಳೆದುಕೊಂಡಳು. ಅಜ್ಜಿ ಒಬ್ಬಳೇ ಕೋಲು ನೆಲಕ್ಕೆ ಕುಟ್ಟುತ್ತಿದ್ದಳು. ನನಗೆ ಅಳು ಬಂತು. ಪಕ್ಕದ ಹೆಂಗಸು ಆನಂದಬಾಷ್ಪ ಎಂದುಕೊಂಡು ಬೆನ್ನು ಸವರಿದಳು.

ಕೇಕನ್ನು ಬಿಸಾಡಲು ಮನಸ್ಸು ಬರಲಿಲ್ಲ. ಮನೆಗೆ ಬಂದು ಎಲ್ಲರೂ ಅದನ್ನೇ ತಿಂದೆವು. ಅಪ್ಪ ನೀಲಿ ನಾಲಿಗೆಯಲ್ಲೇ ಕೂಗಾಡಿದ.

"ಯಾಕೆ? ಯಾಕೆ ಅಂತ ಒಂದು ಮಾತು ಹೇಳು! ಮೈದಾನ ಸಣ್ಣದಿತ್ತಾ? ಊಟ ಸರಿ ಇರ್ಲಿಲ್ವಾ?"

"ಎಲ್ಲಾ ಚೆನ್ನಾಗಿತ್ತಪ್ಪ."

"ಮತ್ತೆ?"

"ಪ್ರೂಯಿಟ್ ಇಷ್ಟ ಆದ್ರು."

"ಇಷ್ಟ ಆದ್ರಂತೆ! ಮದುವೆ ಮಾಡ್ಕೊಳ್ಳೋಕೆ ಹೋಗ್ತಿದೀಯಾ?"

"ಸಾಕು ಬಿಡ್ರೀ. ಟೀವೀಲಿ ನನ್ನ ಕುಪ್ಪಸ ಇಡೀ ಜಿಲ್ಲೆ ನೋಡತ್ತೆ, ನನಗೇ ಇಲ್ಲದ ದುಃಖ ನಿಮಗ್ಯಾಕೆ?" ಎಂದಳು ಅಮ್ಮ. ಅವಳ ನಾಲಿಗೆಯೂ ನೀಲಿ.

ಅವರು ಒಳಗೆ ಹೋದ ಮೇಲೆ ನಾನು ತಟ್ಟೆಗಳನ್ನು ತೊಳೆಯುತ್ತಿದ್ದೆ. ಎಮಿಲ್ ಬಂದು ಪಕ್ಕದಲ್ಲಿ ನಿಂತು ಒರೆಸತೊಡಗಿದ. ಹದಿನೇಳು ವರ್ಷದಲ್ಲಿ ಅವನು ತಟ್ಟೆ ಒರೆಸಿದ್ದನ್ನು ನಾನು ನೋಡಿರಲಿಲ್ಲ.

"ಪ್ರೂಯಿಟ್‌ಗೆ ಬೇಡ ಅಂತ ಬರೆದಿದ್ದು ನೀನು" ಎಂದ.

ನನ್ನ ಕೈಯಲ್ಲಿದ್ದ ತಟ್ಟೆ ನೀರಿಗೆ ಜಾರಿತು. "ಯಾರು ಹೇಳಿದ್ದು?"

"ಅವರೇ. ಹೋದ ಗುರುವಾರ ಸ್ಕೂಲಿಗೆ ಬಂದಿದ್ರು. ಆರು ಗಂಟೆ ಕಾರು ಓಡಿಸ್ಕೊಂಡು. ಅವರ ಫೋನ್ ತೋರ್ಸಿ, 'ಇದು ನೀನು ಬರೆದಿದ್ದಾ?' ಅಂದ್ರು. ಓದ್ದೆ. ಅಲ್ಲ ಅಂದೆ. 'ಮೊದಲಿಂದ್ಲೂ ನೀನಲ್ಲ, ಅಲ್ವಾ?' ಅಂದ್ರು. ಅಲ್ಲ ಅಂದೆ."

"ನನ್ನ ಹೆಸರು ಹೇಳಿದ್ರಾ?"

"ಇಲ್ಲ. ಯಾರು ಅಂತ ಕೇಳ್ಲೂ ಇಲ್ಲ. 'ಫೋನಲ್ಲಿರೋ ಹುಡುಗ ಒಳ್ಳೆ ಮಾತುಗಾರ, ಆದ್ರೆ ನನಗೆ ಬೇಕಾಗಿರೋದು ಟೇಬಲ್ ಹತ್ರ ಸುಮ್ನೆ ಕೂತಿದ್ನಲ್ಲ, ಆ ಹುಡುಗ' ಅಂದ್ರು." ಅವನು ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಒರೆಸುತ್ತಿದ್ದ. "ಹನ್ನೆರಡು ಕಡೆಯೋರು ಆರು ತಿಂಗಳು ನನ್ನ ಜೊತೆ ಮಾತಾಡಿದ್ರು ಅಕ್ಕ. ಅದು ನಾನಲ್ಲ ಅಂತ ಒಬ್ರಿಗೇ ಗೊತ್ತಾಗಿದ್ದು."

ನಾಚಿಕೆಯಾಗಬೇಕಿತ್ತು. ಬಂದದ್ದು ಸಿಟ್ಟು.

"ನಿನಗೇನೋ! ಬಾ ಬಾ ಅಂತ ಆರು ಗಂಟೆ ಕಾರು ಓಡಿಸ್ಕೊಂಡು ಬರ್ತಾರೆ! ನನ್ನ ಹಾಳೆ ನೋಡೋಕೆ ಆರು ಹೆಜ್ಜೆ ಯಾರಾದ್ರೂ ಬಂದ್ರಾ? ಅಮ್ಮ ಆ ಕಾಲೇಜಿನ ಮುಂದೇನೇ ನಿಂತು ಫೋಟೋ ತೆಗೆಸ್ಕೊಂಡು ಬಂದ್ಲು, ಯಾವುದು ಅಂತ ಅವಳಿಗೆ ಗೊತ್ತಿಲ್ಲ! ನೀನು ನೀಲಿ ಟೋಪಿ ಹಾಕಿದ್ರೆ ನಾನು ಹೋಗ್ತಿದ್ದೆ ಕಣೋ. ಒಂದು ಟೋಪಿ. ಅಷ್ಟೂ ಆಗ್ಲಿಲ್ವಾ ನಿನಗೆ?"

"ನನ್ನ ಬಟ್ಟೆ ಒಗೆಯೋಕೆ?"

"ಓದೋಕೆ!"

"ಹಾಗಾದ್ರೆ ಓದೋಕೆ ಹೋಗು. ನನ್ನ ಬೆನ್ನ ಹಿಂದೆ ಯಾಕೆ ಬರ್ತೀಯ? ವಿಟೇಕರ್ ತನಗೆ ಸಿಕ್ಕ ಪ್ಲಾಸ್ಟಿಕ್ ಮಗೂನ ತಟ್ಟೆ ಕೆಳಗೆ ಬಚ್ಚಿಟ್ಟಿದ್ದು ನಾನು ನೋಡ್ದೆ. ನೀನು ಎತ್ತಿ ಮುಚ್ಚಿಟ್ಟಿದ್ದೂ ನೋಡ್ದೆ. ನೀನು ಆ ಮನುಷ್ಯನಿಗೆ ಆರು ತಿಂಗಳು ಬರೆದೆ. ಈಗ ನಿನ್ನ ಹೆಸರಲ್ಲಿ ಒಂದು ಸಲ ಬರೆದು ನೋಡು, ಏನು ಹೇಳ್ತಾರೆ ಅಂತ."

ಅವನು ಅಷ್ಟು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿ ಹೋದ. ಅಮ್ಮನಿಗಾಗಲಿ ಅಪ್ಪನಿಗಾಗಲಿ ಒಂದು ಮಾತೂ ಹೇಳಲಿಲ್ಲ.

ಬರೆದು ನೋಡಿದೆ, ನನ್ನದೇ ಫೋನಿನಿಂದ. ನಾನು ಎಮಿಲ್‌ನ ಅಕ್ಕ ಡೆಲ್ಫೀನ್, ಇಷ್ಟು ದಿನ ಬರೆಯುತ್ತಿದ್ದವಳು ನಾನೇ, ನಿಮ್ಮ ಯೂನಿವರ್ಸಿಟಿಯಲ್ಲಿ ನರ್ಸಿಂಗ್ ಓದಬೇಕೆಂದಿದ್ದೇನೆ, ತಪ್ಪಾಗಿದ್ದರೆ ಕ್ಷಮಿಸಿ. ಎರಡು ದಿನದ ಮೇಲೆ ಉತ್ತರ ಬಂತು. "ತಮ್ಮನಿಗೆ ಶುಭಾಶಯ ತಿಳಿಸಿ." ಅಷ್ಟೇ. ಅಜ್ಜಿ ಹೇಗಿದ್ದಾರೆ ಎಂದೂ ಕೇಳಲಿಲ್ಲ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಅಕ್ಕಿಮೂಟೆಯ ಮೇಲೆ ಕೂತು ಅದನ್ನು ನಾಲ್ಕು ಸಲ ಓದಿದೆ.

ಮುಂದಿನ ಸೋಮವಾರ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ.

"ನಾನು ನೀಲಿಗೆ ಮತ್ತೆ ಅರ್ಜಿ ಹಾಕ್ತೀನಿ. ಎಮಿಲ್ ಎಲ್ಲಿಗಾದ್ರೂ ಹೋಗ್ಲಿ."

"ಈಗ್ಲಾ? ಅತ್ತೆಯನ್ನ ಯಾರು—" ಎಂದಳು ಅಮ್ಮ.

ಅಜ್ಜಿ ಕುರ್ಚಿಯ ಕೈ ಹಿಡಿದು ಎದ್ದಳು. ಕೋಲು ಮೇಜಿಗೆ ಒರಗಿಯೇ ಇತ್ತು. ಒಲೆಯವರೆಗೆ ನಡೆದಳು, ಕಾಳಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲೆ ಕುಕ್ಕಿದಳು.

"ಒಂದು ವರ್ಷದಿಂದ ಕೋಲಿಲ್ಲದೆ ನಡೀತಿದೀನಿ. ನೀವು ಕೆಲಸಕ್ಕೆ ಹೋದ ಮೇಲೆ ಹಿತ್ತಿಲು ಗುಡಿಸೋರು ಯಾರು ಅಂದ್ಕೊಂಡಿದೀರಿ?"

"ಮತ್ತೆ ಹೇಳಬಾರದಾಗಿತ್ತಾ ಅಜ್ಜಿ?" ಎಂದೆ.

"ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ" ಎಂದಳು ಅವಳು, ಯಾರನ್ನೂ ನೋಡದೆ. ಆಮೇಲೆ ನನ್ನ ತಟ್ಟೆಗೆ ಮೊದಲು ಬಡಿಸಿದಳು. ಊಟವಾದ ಮೇಲೆ ಬೈಬಲ್ಲನ್ನು ತಾನೇ ತಂದು, ಹಾಳೆಯನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಅವಳ ಮೇಲೆ ಸಿಟ್ಟು ಮಾಡಬೇಕೋ ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ಅಮ್ಮ ಅದನ್ನು ಇಣುಕಿ ನೋಡಿ, ತಲೆಯ ಮೇಲಿನ ಚಿತ್ರದ ಮೇಲೆ ಬೆರಳಿಟ್ಟು, "ಅಯ್ಯೋ, ಇದೇ ಕಟ್ಟಡ" ಎಂದಳು. ಆಮೇಲೆ ಕೈತೊಳೆಯಲು ಎದ್ದು ಹೋದಳು.

ಅರ್ಜಿಯ ಕೊನೆಯಲ್ಲಿ ಒಂದು ಖಾಲಿ ಪುಟವಿತ್ತು. ನಿಮ್ಮ ಬಗ್ಗೆ ನೀವೇ ಬರೆಯಿರಿ. ಅಂದೇ ಸಂಜೆ ಅಡುಗೆಮನೆಯ ಮೇಜಿನಲ್ಲಿ ಕೂತು ಬರೆದೆ. ಪರರ ಸೇವೆಯೇ ನನ್ನ ಗುರಿ, ಕಷ್ಟಗಳು ನನ್ನನ್ನು ಗಟ್ಟಿ ಮಾಡಿವೆ, ಹೀಗೆ ಒಂದು ಪುಟ. ಎಮಿಲ್ ಹಾಲು ಕುಡಿಯಲು ಬಂದ.

"ಓದಿ ನೋಡು" ಎಂದು ತಳ್ಳಿದೆ.

ತುಟಿ ಆಡಿಸುತ್ತಾ ನಿಧಾನವಾಗಿ ಓದಿದ. "ಇದು ನೀನಲ್ಲ. ಇದು ನನ್ನ ಫೋನಲ್ಲಿದ್ದ ಹುಡುಗ."

ಹರಿದೆ. ಎರಡನೆಯದನ್ನೂ ಹಾಗೇ ಹೇಳಿದ. ಮೂರನೆಯದನ್ನು ಓದಿ ತಲೆ ಮಾತ್ರ ಅಲ್ಲಾಡಿಸಿ, ಕುರ್ಚಿ ಎಳೆದುಕೊಂಡು ಎದುರಿಗೇ ಕೂತ. ಪ್ರೂಯಿಟ್ ಕೂತ ಹಾಗೆ. ಅವಸರವಿಲ್ಲದೆ.

ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಬಹಳ ಹೊತ್ತಾದ ಮೇಲೆ ಹೊಸ ಹಾಳೆಯ ಮೇಲೆ ಬರೆದೆ: "ಎರಡು ವರ್ಷದ ಹಿಂದೆ ನೀವು ನನಗೆ ಸೀಟು ಕೊಟ್ಟಿರಿ, ನಾನು ಬರಲಿಲ್ಲ. ಈ ವರ್ಷ ನೀವು ನನ್ನ ತಮ್ಮನನ್ನು ಕರೆದಿರಿ, ಅವನೂ ಬರಲಿಲ್ಲ. ನನಗೆ ಅವನ ಮೇಲೆ ತುಂಬಾ ಹೊಟ್ಟೆಕಿಚ್ಚು."

ಹಾಳೆಯನ್ನು ಅವನ ಕಡೆ ತಿರುಗಿಸಿದೆ. ಓದಿದ. ಕೊನೆಯ ಸಾಲಿನ ಹತ್ತಿರ ತುಟಿ ನಿಂತಿತು.

"ಈಗ ನೀನೇ" ಎಂದು ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟ. "ಮುಂದೆ ಬರಿ, ಅಕ್ಕ."